ಕೆಂಡದ ಮೇಜಿನ ಬೀಗರೂಟ

ಕಳೆದ ತಿಂಗಳ ಎರಡನೆಯ ಭಾನುವಾರ ನಾವು ಎರಡು ಮನೆಯವರು ಒಟ್ಟಿಗೆ ಕುಳಿತು ಮಧ್ಯಾಹ್ನದ ಊಟ ಮಾಡಿದೆವು. ಇದರಲ್ಲಿ ಬರೆಯುವಂಥದ್ದೇನಿದೆ ಎಂದು ನೀವು ಕೇಳಬಹುದು. ನನ್ನ ಮಗಳ ಮದುವೆಯಾಗಿ ಏಳು ವರ್ಷ ಮೀರಿದ ಮೇಲೆ, ಬೀಗರೊಂದಿಗೆ ನಾವು ಒಂದೇ ಮೇಜಿನಲ್ಲಿ ಕುಳಿತು ಉಂಡದ್ದು ಇದೇ ಮೊದಲು ಎಂದರೆ, ಬರೆಯಬೇಕಾದದ್ದು ಇದೆ ಎಂದು ನೀವೇ ಒಪ್ಪುತ್ತೀರಿ.

ಬಂಧುಗಳಿಗೆ ಗೊತ್ತಿರುವ ಸಂಗತಿಯೇ ಆದರೂ ನನ್ನ ಹಳೆಯ ವಿದ್ಯಾರ್ಥಿಗಳಿಗಾಗಿ ಎರಡು ಮಾತು. ನಮ್ಮದು ಸಂಪ್ರದಾಯಸ್ಥ ಬ್ರಾಹ್ಮಣ ಮನೆತನ. ಮಗಳು ಮೆಚ್ಚಿದ ಹುಡುಗ ಮದ್ದೂರು ಕಡೆಯ ಒಕ್ಕಲು ಮನೆಯವನು. 2018ರಲ್ಲಿ ವಿಶೇಷ ವಿವಾಹ ಕಾಯಿದೆಯಂತೆ, ಮೂವತ್ತು ದಿನಗಳ ನೋಟಿಸು ಮುಗಿದ ಮೇಲೆ, ರಿಜಿಸ್ಟ್ರಾರ್ ಕಚೇರಿಯಲ್ಲಿ ಇಬ್ಬರೂ ಸಹಿ ಹಾಕಿ ಹಾರ ಬದಲಿಸಿಕೊಂಡರು. ಬಂದವರಿಗೆ ಸಿಹಿ ಹಂಚಿದೆವು. ಊಟದ ಏರ್ಪಾಡು ಇರಲಿಲ್ಲ. 'ಸರಳ ವಿವಾಹ' ಎಂದು ನಾನು ಎಲ್ಲರಿಗೂ ಹೆಮ್ಮೆಯಿಂದ ಹೇಳಿಕೊಂಡೆ. ಊಟವಿಟ್ಟರೆ ಪಂಕ್ತಿಯ ಪ್ರಶ್ನೆ ಏಳುತ್ತದೆ ಎಂಬ ಅಂಜಿಕೆಯೂ ಆ ಸರಳತೆಯ ಹಿಂದೆ ಇತ್ತು ಎಂಬುದನ್ನು ಯಾರಿಗೂ ಹೇಳಲಿಲ್ಲ.

ನಮ್ಮ ಹಳೇ ಮೈಸೂರು ಸೀಮೆಯಲ್ಲಿ 'ಬೀಗರೂಟ' ಎಂಬ ಮಾತಿಗೆ ಒಂದು ಖಚಿತವಾದ ಅರ್ಥವಿದೆ. ಮದುವೆಯ ಮನೆಯಲ್ಲಿ ಪಾಯಸ, ಹೋಳಿಗೆಯ ಸಿಹಿಯೂಟ ಮುಗಿದ ಮೇಲೆ, ಮುಂದಿನ ದಿನಗಳಲ್ಲಿ ಹೆಣ್ಣಿನ ಕಡೆಯವರನ್ನೂ ಗಂಡಿನ ಕಡೆಯವರನ್ನೂ ನಂಟರನ್ನೂ ಕರೆದು ಹಾಕುವ ಬಾಡೂಟವೇ ಬೀಗರೂಟ. ಅದಾಗದೆ ಮದುವೆ ಪೂರ್ತಿಯಾಯಿತೆಂದು ಒಕ್ಕಲು ಮಕ್ಕಳು ಭಾವಿಸುವುದಿಲ್ಲ. ನಮ್ಮ ಬೀಗರು ಊರಿನಲ್ಲಿ ಬೀಗರೂಟ ಮಾಡಿದರು. ನಮ್ಮನ್ನು ಕರೆಯಲು ಗಂಡಹೆಂಡಿರಿಬ್ಬರೂ ಮೈಸೂರಿಗೆ ಬಂದು, "ನಿಮಗೆ ಅಂತಲೇ ಬೇರೆ ಒಲೆ ಹೂಡ್ತೀವಿ, ಭಟ್ಟರ ಕೈಲಿ ಅಡುಗೆ ಮಾಡಿಸ್ತೀವಿ, ಬರಬೇಕು" ಎಂದರು. ನಾನು ಯಾವುದೋ ಆರೋಗ್ಯದ ನೆಪ ಹೇಳಿದೆ. ಅವರು ನಂಬಿದಂತೆ ತೋರಿಸಿಕೊಂಡರು.

ಅಂದಿನಿಂದ ಈಚೆಗೆ ನಾವು ಅವರ ಮನೆಗೆ ಹೋದಾಗ ಎಳನೀರು, ಬಾಳೆಹಣ್ಣು. ಅವರು ನಮ್ಮ ಮನೆಗೆ ಬಂದಾಗ ಕಾಫಿ, ಕೋಡುಬಳೆ. ಊಟದ ಹೊತ್ತಿಗೆ ಮೊದಲೇ ಅವರು ಏಳುತ್ತಿದ್ದರು, ಅಥವಾ ಊಟ ಮುಗಿಸಿಕೊಂಡೇ ಬರುತ್ತಿದ್ದರು. ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ಇಂಥ ಗೆರೆಗಳನ್ನು ಗುರುತಿಸಲು ನಮ್ಮ ದೇಶದಲ್ಲಿ ಯಾರಿಗೂ ಪಾಠ ಬೇಕಾಗುವುದಿಲ್ಲ.

ಈ ಬಾರಿ ದಾರಿ ಹುಡುಕಿದವನು ಅಳಿಯ. ಮೈಸೂರಿನಲ್ಲಿ ಹೊಸದಾಗಿ ತೆರೆದಿರುವ ಬಾರ್ಬೆಕ್ಯೂ ಹೋಟೆಲೊಂದರಲ್ಲಿ ಏಳು ಜನಕ್ಕೆ ಜಾಗ ಕಾದಿರಿಸಿ, ಆಮೇಲೆ ನಮಗೆ ತಿಳಿಸಿದ. "ಮಾವ, ಇದು ನಿಮ್ಮ ಮನೇನೂ ಅಲ್ಲ, ನಮ್ಮ ಮನೇನೂ ಅಲ್ಲ. ಸುಮ್ಮನೆ ಬನ್ನಿ" ಎಂದ. ಮಗಳು ತನ್ನ ತಾಯಿಯೊಡನೆ ಒಳಗಿನ ಕೋಣೆಯಲ್ಲಿ ಅರ್ಧ ಗಂಟೆ ಮಾತನಾಡಿದಳು. ಹೊರಬಂದ ನನ್ನ ಮಡದಿ, "ಅವರ ಕೆಂಡ ಬೇರೆ, ನಮ್ಮ ಕೆಂಡ ಬೇರೆ ಇರುವುದಾದರೆ ಬರುತ್ತೇನೆ" ಎಂದರು. ಅಲ್ಲಿಗೆ ಸಂಧಾನವಾಯಿತು.

ಹೋಟೆಲಿನ ಸ್ವರೂಪವನ್ನು ನೋಡದವರಿಗಾಗಿ ಹೇಳುತ್ತೇನೆ. ಮೇಜಿನ ನಡುವೆ ಒಂದು ಹೊಂಡವಿರುತ್ತದೆ. ನೀವು ಕುಳಿತ ಮೇಲೆ ಹುಡುಗನೊಬ್ಬ ನಿಗಿನಿಗಿ ಕೆಂಡ ತುಂಬಿದ ಕಬ್ಬಿಣದ ತಟ್ಟೆಯನ್ನು ಇಕ್ಕಳದಲ್ಲಿ ಹಿಡಿದು ತಂದು ಅದರಲ್ಲಿ ಇಳಿಬಿಡುತ್ತಾನೆ. ಒಳಗೆ ಮುಕ್ಕಾಲು ಪಾಲು ಬೆಂದ ತುಣುಕುಗಳನ್ನು ಪೋಣಿಸಿದ ಕಂಬಿಗಳು ಒಂದೊಂದಾಗಿ ಬಂದು ಆ ಕೆಂಡದ ಮೇಲೆ ಮಲಗುತ್ತವೆ. ಪಕ್ಕದಲ್ಲಿ ಬಟ್ಟಲುಗಳಲ್ಲಿ ಎಣ್ಣೆ ಮಸಾಲೆ, ಬಣ್ಣ ಬಳಿಯುವಂಥ ಸಣ್ಣ ಕುಂಚ. ನೀವೇ ಸವರಿ, ನೀವೇ ತಿರುಗಿಸಿ, ನೀವೇ ಎಳೆದುಕೊಳ್ಳಬೇಕು. ತಲೆಗೆ ಇಷ್ಟೆಂದು ಹಣ. ಸಸ್ಯಾಹಾರಕ್ಕೊಂದು ದರ, ಮಾಂಸಾಹಾರಕ್ಕೊಂದು ದರ, ಮಕ್ಕಳಿಗೆ ಕಡಿಮೆ. ಎಷ್ಟು ತಿಂದರೂ ಅಷ್ಟೇ. ಮೇಜಿನ ಮೇಲೆ ಒಂದು ಪುಟ್ಟ ಬಾವುಟವಿರುತ್ತದೆ. ಅದು ನಿಂತಿರುವವರೆಗೆ ಕಂಬಿಗಳು ಬರುತ್ತಲೇ ಇರುತ್ತವೆ. ಮಲಗಿಸಿದರೆ 'ಸಾಕು' ಎಂದರ್ಥ. ನಮ್ಮ ಪಂಕ್ತಿಯಲ್ಲಿ ಎಲೆಗೆ ಅಡ್ಡವಾಗಿ ಎರಡು ಕೈ ಹಿಡಿದು "ಸಾಕು ಸಾಕು" ಎನ್ನುವ ಬದಲು ಇಲ್ಲಿ ಬಾವುಟ.

'ಬಾರ್ಬೆಕ್ಯೂ' ಎಂಬ ಪದದ ಮೂಲ ಹುಡುಕುವ ಮೇಷ್ಟ್ರ ಚಾಳಿ ನನ್ನನ್ನು ಬಿಟ್ಟಿಲ್ಲ. ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳಾದ ಟೈನೋ ಜನರ ಪದವೊಂದು ಸ್ಪ್ಯಾನಿಷ್ ಭಾಷೆಯಲ್ಲಿ 'ಬಾರ್ಬಕೋವಾ' ಆಗಿ, ಅಲ್ಲಿಂದ ಇಂಗ್ಲಿಷಿಗೆ ಬಂದಿತು. ಬೆಂಕಿಯ ಮೇಲೆ ಎತ್ತರಿಸಿ ಕಟ್ಟಿದ ಕೋಲುಗಳ ಅಟ್ಟಣೆ ಎಂದು ಅದರ ಅರ್ಥ. ಇದನ್ನು ನಾನು ಹೇಳುತ್ತಿದ್ದಾಗ ಬೀಗರು ನಕ್ಕು, "ಅದ್ಯಾಕೆ ಅಷ್ಟು ದೂರ ಹೋಯ್ತೀರಿ ಬೀಗ್ರೆ? ನಾವು ಹುಡುಗ್ರಾಗಿದ್ದಾಗ ಗದ್ದೆ ಬದೀನಾಗೆ ಏಡಿ ಹಿಡ್ದು ಸುಟ್ಕೊಂಡು ತಿನ್ನೋವು" ಎಂದರು. ಆಗ ನನಗೂ ನೆನಪಾಯಿತು. ಅರಕಲಗೂಡು ತಾಲ್ಲೂಕಿನ ನಮ್ಮ ಅಜ್ಜಿಯ ಮನೆಯಲ್ಲಿ ಬಚ್ಚಲ ಒಲೆಯ ಕೆಂಡದಲ್ಲಿ ಹಲಸಿನ ಬೀಜ, ಗೆಣಸು ಸುಡುತ್ತಿದ್ದೆವು. ಬದನೆಕಾಯಿ ಸುಟ್ಟ ಗೊಜ್ಜಿನ ದಿನ ಎರಡು ತುತ್ತು ಹೆಚ್ಚು ಅನ್ನ ಇಳಿಯುತ್ತಿತ್ತು. ಅದನ್ನು ಹೇಳಿದೆ. ಬೀಗಿತಿ ಅದಕ್ಕೆ ಹಾಕುವ ಮೆಣಸಿನಕಾಯಿಯನ್ನೂ ಸುಡಬೇಕೆಂದರು. ನನ್ನ ಮಡದಿ ತಮ್ಮ ತವರಿನಲ್ಲಿಯೂ ಹಾಗೆಯೇ ಎಂದರು. ಏಳು ವರ್ಷಗಳಲ್ಲಿ ಅವರಿಬ್ಬರು ಅಡಿಗೆಯ ವಿಷಯ ಮಾತನಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಒಬ್ಬರ ಅಡಿಗೆಮನೆಯನ್ನು ಇನ್ನೊಬ್ಬರು ಕಂಡಿದ್ದರೆ ತಾನೆ ಮಾತು ಹುಟ್ಟುವುದು!

ನಮ್ಮ ಮೇಜಿಗೆ ಎರಡು ಕೆಂಡದ ತಟ್ಟೆಗಳು. ಒಂದು ತುದಿಯಲ್ಲಿ ಪನೀರು, ಅಣಬೆ, ಆಲೂಗಡ್ಡೆ, ಖಾರ ಸವರಿದ ಅನಾನಸು. ಇನ್ನೊಂದು ತುದಿಯಲ್ಲಿ ಕೋಳಿ, ಮೀನು, ಸೀಗಡಿ. ಐದು ವರ್ಷದ ಮೊಮ್ಮಗಳು ನಡುವೆ ಕುಳಿತು ಈ ಕಡೆಯ ಅಜ್ಜನಿಂದ ಒಂದು ಅನಾನಸಿನ ತುಂಡು, ಆ ಕಡೆಯ ತಾತನಿಂದ ಒಂದು ಕೋಳಿಯ ತುಂಡು ವಸೂಲು ಮಾಡುತ್ತಿದ್ದಳು. ಅವಳ ಪಾಲಿಗೆ ಅದೊಂದೇ ಮೇಜು.

ಅರ್ಧ ಊಟವಾಗಿರಬೇಕು. ಬಡಿಸುತ್ತಿದ್ದ ಹುಡುಗ ಗಡಿಬಿಡಿಯಲ್ಲಿ ಸೀಗಡಿಯ ಕಂಬಿಯೊಂದನ್ನು ನಮ್ಮ ತುದಿಯ ಕೆಂಡದ ಮೇಲೆ ಇಟ್ಟುಬಿಟ್ಟ. ನನ್ನ ಮಡದಿ ಕೈಯನ್ನು ಮಡಿಲಿಗೆ ಎಳೆದುಕೊಂಡರು. ಮುಖ ಬಿಳಿಚಿತು. ಇನ್ನೇನು ಎದ್ದುಬಿಡುತ್ತಾರೆ, ಏಳು ವರ್ಷಗಳ ಮೇಲೆ ಕೂಡಿಬಂದ ಈ ಊಟ ಇಲ್ಲಿಗೆ ಮುಗಿಯಿತು ಎಂದು ನಾನು ತಲೆ ತಗ್ಗಿಸಿದೆ. ಅಷ್ಟರಲ್ಲಿ ಎದುರಿಗಿದ್ದ ಬೀಗಿತಿ ಎದ್ದು ನಿಂತು ಆ ಕಂಬಿಯನ್ನು ತಾವೇ ಎತ್ತಿ ತಮ್ಮ ಕಡೆಗೆ ತೆಗೆದುಕೊಂಡರು. "ತಮ್ಮಾ, ಈ ಕೆಂಡ ತಗಂಡೋಗು, ಬ್ಯಾರೆ ತಂದ್ಮಡಗು. ಅಮ್ಮಾವ್ರು ಇದ್ರಲ್ಲಿ ಉಣ್ಣಾಕಿಲ್ಲ" ಎಂದರು. ಹುಡುಗ ಒಡಿಶಾದವನು. ಅವನಿಗೆ ಕನ್ನಡ ತಿಳಿಯಲಿಲ್ಲ. ಅಳಿಯ ಹಿಂದಿಯಲ್ಲಿ ಹೇಳಿದ. ಕೆಂಡ ಬದಲಾಯಿತು, ತಟ್ಟೆಗಳು ಬದಲಾದವು. ಬೀಗಿತಿ ಅದುವರೆಗೆ ತಾವೂ ಉಣ್ಣದೆ ಕಾದು ಕುಳಿತಿದ್ದರು.

ನಾನು ಇಡೀ ಲೇಖನವನ್ನು ಬರೆಯುತ್ತಿರುವುದು ಆ ಐದು ನಿಮಿಷಗಳ ಸಲುವಾಗಿ.

ಬೀಗಿತಿ ನನ್ನ ಮಡದಿಯನ್ನು 'ಅಮ್ಮಾವ್ರು' ಎನ್ನುತ್ತಾರೆ. ಮಗನನ್ನು ಕೊಟ್ಟು ಮಗಳನ್ನು ತಂದುಕೊಂಡವರು, ವಯಸ್ಸಿನಲ್ಲಿ ಎರಡು ವರ್ಷ ದೊಡ್ಡವರು, 'ಬೀಗಿತಿ' ಎನ್ನಬಹುದಿತ್ತು, ಹೆಸರು ಹಿಡಿದೇ ಕರೆಯಬಹುದಿತ್ತು. ಅದಕ್ಕೆ ನಾವು ಎಡೆ ಕೊಟ್ಟಿರಲಿಲ್ಲ. ನನ್ನ ಮಗಳು ಸಸ್ಯಾಹಾರಿಯಾಗಿಯೇ ಉಳಿದಿದ್ದಾಳೆ. ಅವಳು ಊರಿಗೆ ಹೋದಾಗ ಬಳಸಲೆಂದು ಅತ್ತೆ ಬೇರೆ ಬಾಣಲೆ, ಬೇರೆ ಪಾತ್ರೆ ಇಟ್ಟಿದ್ದಾರೆ. ಅವಳಿದ್ದ ದಿನ ಮನೆಯಲ್ಲಿ ಬಾಡು ಬೇಯಿಸುವುದಿಲ್ಲವಂತೆ. ಇದನ್ನು ಮಗಳು ಹೇಳಿ ನನಗೆ ತಿಳಿದದ್ದು. ಅವರಾಗಿ ಒಮ್ಮೆಯೂ ಹೇಳಿಕೊಂಡವರಲ್ಲ. ಇತ್ತ ನಾವು ಅವರಿಗಾಗಿ ಏನು ಮಾಡಿದ್ದೇವೆ ಎಂದು ಲೆಕ್ಕ ಹಾಕಿದರೆ ಕೋಡುಬಳೆಯ ಹೊರತು ಏನೂ ಸಿಗುವುದಿಲ್ಲ.

ನನ್ನ ಅಭಿಪ್ರಾಯ ಇಷ್ಟೆ. ಸಸ್ಯಾಹಾರಿಗಳಾದ ನಾವು ನಮ್ಮ ನಿಯಮವನ್ನು ನಾವೇ ಪಾಲಿಸುತ್ತಿದ್ದೇವೆಂದು ತಿಳಿದಿದ್ದೇವೆ. ನಿಜದಲ್ಲಿ ಅದರ ಭಾರವನ್ನು ಹೊರುತ್ತಿರುವವರು ಹೆಚ್ಚಾಗಿ ಇತರರು. ಹೊಂದಿಕೊಳ್ಳುವವರು ಯಾವಾಗಲೂ ಅವರೇ. ನಮ್ಮ ಮುಂದೆ ತಿನ್ನದೆ ಇರುವವರು, ಪಾತ್ರೆ ಬೇರೆ ಇಡುವವರು, ಊಟದ ಹೊತ್ತಿಗೆ ಎದ್ದುಹೋಗುವವರು ಅವರೇ. 2014ರ ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ ಹದಿನೈದು ವರ್ಷ ಮೀರಿದವರಲ್ಲಿ ಸಸ್ಯಾಹಾರಿಗಳು ಹೆಚ್ಚುಕಡಿಮೆ ಐವರಲ್ಲಿ ಒಬ್ಬರು. ಆ ಒಬ್ಬರ ರೂಢಿಯನ್ನು 'ಆಹಾರ' ಎಂದೂ ಉಳಿದ ನಾಲ್ವರ ಊಟವನ್ನು 'ನಾನ್‌ವೆಜ್' ಎಂದೂ ಕರೆಯುತ್ತೇವೆ. ಅವರ ಊಟಕ್ಕೆ ಹೆಸರಿಡುವಾಗಲೂ ನಮ್ಮದನ್ನೇ ಅಳತೆಗೋಲು ಮಾಡಿಕೊಂಡಿದ್ದೇವೆ. 'ಸಸ್ಯಾಹಾರಿಗಳಿಗೆ ಮಾತ್ರ' ಎಂಬ ಬಾಡಿಗೆ ಮನೆಯ ಫಲಕ ಮೈಸೂರಿನಲ್ಲಿಯೂ ಬೆಂಗಳೂರಿನಲ್ಲಿಯೂ ಕಾಣಸಿಗುತ್ತದೆ. ಆ ಫಲಕ ತೂಗುಹಾಕಿದವರೆಲ್ಲ ಒಗ್ಗರಣೆಯ ವಾಸನೆಗಾಗಿಯೇ ಅಂಜಿದವರೆಂದು ನಾನು ನಂಬಲಾರೆ. ಜಾತಿ ಯಾವುದೆಂದು ನೇರವಾಗಿ ಕೇಳಲು ಈಗ ನಾಚಿಕೆ. ಅದಕ್ಕೆ ಊಟ ಯಾವುದೆಂದು ಕೇಳುತ್ತೇವೆ.

ಈ ಮಾತನ್ನು ಇತರರ ಮೇಲೆ ಹೊರಿಸಿ ನಾನು ಪಾರಾಗಲಾರೆ. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿದವನು. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ನಿರ್ಮೂಲ ಮಾಡಿತೆಂದು ಪ್ರತಿ ವರ್ಷ ಹಲಗೆಯ ಮೇಲೆ ಬರೆದು ಬರೆಸಿದವನು. 15ನೆಯ ವಿಧಿಯ ಎರಡನೆಯ ಖಂಡದಲ್ಲಿ ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲುಗಳಿಗೆ ಪ್ರವೇಶಿಸಲು ಯಾರಿಗೂ ಅಡ್ಡಿಯಿರಕೂಡದೆಂದು ಹೇಳಿದೆ. ಈ ಮಾತನ್ನು ಸಂವಿಧಾನದಲ್ಲಿ ಬರೆಯಬೇಕಾಗಿ ಬಂದದ್ದೇಕೆ ಎಂದು ತರಗತಿಯಲ್ಲಿ ಕೇಳುತ್ತಿದ್ದೆ. ಬ್ರಾಹ್ಮಣರಿಗೆಂದೇ ಪ್ರತ್ಯೇಕ ಕೊಠಡಿ ಇಟ್ಟಿದ್ದ ಹಳೆಯ ಹೋಟೆಲುಗಳ ವಿಷಯವನ್ನೂ, ಹಳ್ಳಿಯ ಚಹಾದಂಗಡಿಗಳಲ್ಲಿ ಕೆಲವರಿಗೆಂದು ಹೊರಗೆ ಬೇರೆ ಲೋಟ ಇಡುತ್ತಿದ್ದುದನ್ನೂ ಹೇಳುತ್ತಿದ್ದೆ. ಮಕ್ಕಳು ಕಣ್ಣರಳಿಸಿ ಕೇಳುತ್ತಿದ್ದರು.

1991ರಲ್ಲಿ ನಮ್ಮ ಶಾಲೆಯ ಐವರು ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ದರ್ಜೆ ಪಡೆದರು. ಆ ಹಳ್ಳಿಯ ಶಾಲೆಗೆ ಅದು ದೊಡ್ಡ ಸಂಭ್ರಮ. ಐವರನ್ನೂ ಮನೆಗೆ ಊಟಕ್ಕೆ ಕರೆದೆ. ನಾಲ್ವರಿಗೆ ನಡುಮನೆಯಲ್ಲಿ ಎಲೆ ಹಾಕಿತ್ತು. ಐದನೆಯವನು ಊರಾಚೆಯ ಕೇರಿಯ ಹುಡುಗ. ಅವನಿಗೆ ನನ್ನ ತಾಯಿ ಜಗಲಿಯಲ್ಲಿ ಎಲೆ ಹಾಕಿದರು. ನಾನು ನೋಡಿದೆ. 'ಅಮ್ಮ, ಅವನಿಗೂ ಒಳಗೇ ಹಾಕು' ಎಂಬ ನಾಲ್ಕು ಮಾತು ನನ್ನ ಬಾಯಿಂದ ಹೊರಡಲಿಲ್ಲ. ವಯಸ್ಸಾದ ತಾಯಿಯ ಮನಸ್ಸು ನೋಯಿಸಬಾರದೆಂದು ನನಗೆ ನಾನೇ ಹೇಳಿಕೊಂಡೆ. ಹುಡುಗನ ಮನಸ್ಸಿನ ಲೆಕ್ಕ ಇಡಲಿಲ್ಲ. ಅವನು ತಲೆ ಬಗ್ಗಿಸಿ ಉಂಡ. ಉಳಿದ ನಾಲ್ವರ ಎಲೆಗಳನ್ನು ನನ್ನ ತಾಯಿ ಎತ್ತಿದರು. ಅವನು ಯಾರೂ ಹೇಳದೆಯೇ ತನ್ನ ಎಲೆಯನ್ನು ತಾನೇ ಮಡಚಿ ಎತ್ತಿಕೊಂಡು ಹೋಗಿ ಹಿತ್ತಲಾಚೆ ಹಾಕಿ, ಬಾವಿಯಿಂದ ದೂರ ನಿಂತು, ನಾನು ನೀರು ಹಾಕಲೆಂದು ಕಾದ. ನೀರು ಹಾಕಿದೆ. ಮರುವಾರ ತರಗತಿಯಲ್ಲಿ ಹೊಸ ಹತ್ತನೆಯ ತರಗತಿಯ ಮಕ್ಕಳಿಗೆ ಮೂಲಭೂತ ಹಕ್ಕುಗಳ ಪಾಠ ಮಾಡಿದೆ.

2017ರಲ್ಲಿ ಹಳೆಯ ವಿದ್ಯಾರ್ಥಿಗಳು ಗುರುವಂದನೆ ಏರ್ಪಡಿಸಿದಾಗ ಅವನು ಬಂದಿದ್ದ. ಒಳ್ಳೆಯ ಉದ್ಯೋಗದಲ್ಲಿದ್ದ. ಊಟದ ಹೊತ್ತಿನಲ್ಲಿ ನನ್ನ ಪಕ್ಕದಲ್ಲಿಯೇ ಕುಳಿತ. ಬಡಿಸುವವರನ್ನು ಕರೆದು, "ಮೇಷ್ಟ್ರಿಗೆ ಇನ್ನೊಂದು ಹೋಳಿಗೆ ಹಾಕಿ, ತುಪ್ಪ ಹಾಕಿ" ಎಂದು ಉಪಚಾರ ಮಾಡಿದ. ಜಗಲಿಯ ಊಟ ಅವನಿಗೆ ನೆನಪಿದೆಯೇ ಎಂದು ಕೇಳಬೇಕೆನ್ನಿಸಿತು. ಕೇಳಿದ್ದರೆ ಅವನು 'ಬಿಡಿ ಸಾರ್' ಎನ್ನುತ್ತಿದ್ದ. ಅವನಿಂದ ಸಮಾಧಾನ ಹೇಳಿಸಿಕೊಳ್ಳುವ ಯೋಗ್ಯತೆ ನನಗಿರಲಿಲ್ಲ. ಸುಮ್ಮನಾದೆ.

ಹಾಗೆಂದು ಏನೂ ಬದಲಾಗಿಲ್ಲವೆನ್ನಲಾರೆ. ಶಾಲೆಯ ಮಧ್ಯಾಹ್ನದ ಬಿಸಿಯೂಟ ನನಗೆ ಕಲಿಸಿದ್ದನ್ನು ಬಿಎಡ್ ಕಲಿಸಿರಲಿಲ್ಲ. 2001ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಬೇಕೆಂದು ಆದೇಶಿಸಿತು. ಮುಂದೆ ನಮ್ಮ ರಾಜ್ಯದಲ್ಲಿ 'ಅಕ್ಷರ ದಾಸೋಹ' ಎಂಬ ಹೆಸರಿನಲ್ಲಿ ಅದು ಹಂತಹಂತವಾಗಿ ಬೆಳೆದು 2007-08ರ ಹೊತ್ತಿಗೆ ಪ್ರೌಢಶಾಲೆಗಳಿಗೂ ಬಂದಿತು. ಮೊದಮೊದಲು ಕೆಲವು ಮನೆಯ ಮಕ್ಕಳು ಡಬ್ಬಿ ತರುತ್ತಿದ್ದರು. ಅಡಿಗೆಯವರು ಯಾರೆಂಬುದು ಪೋಷಕರ ಕುತೂಹಲವಾಗಿತ್ತು. ನಾನೂ ಡಬ್ಬಿ ತರುತ್ತಿದ್ದೆ. ಒಂದು ದಿನ ಎಂಟನೆಯ ತರಗತಿಯ ಹುಡುಗಿಯೊಬ್ಬಳು, "ಸಾರ್, ಈ ಸಾರು ಚೆನ್ನಾಗೈತೆ, ನೀವ್ಯಾಕೆ ಉಣ್ಣಲ್ಲ?" ಎಂದು ಕೇಳಿದಳು. ಯಾವ ಕುಹಕವೂ ಇಲ್ಲದ ಪ್ರಶ್ನೆ. ಉತ್ತರ ನನ್ನಲ್ಲಿರಲಿಲ್ಲ. ಮರುದಿನದಿಂದ ಡಬ್ಬಿ ಬಿಟ್ಟೆ. ಮನೆಯಲ್ಲಿ ಮಾತ್ರ ಆ ವಿಷಯ ಹೇಳಲಿಲ್ಲ. ಖಾಲಿ ಡಬ್ಬಿಯ ನೆಪಕ್ಕಾಗಿ ಕೆಲವು ದಿನ ಅದರಲ್ಲಿದ್ದದ್ದನ್ನು ಸಹೋದ್ಯೋಗಿಗಳಿಗೆ ಹಂಚಿದೆ. ಅಂಥ ಧೈರ್ಯ ನನ್ನದು!

ನಾನು ನಿವೃತ್ತನಾದ ಮೇಲೆ, 2021ರ ಡಿಸೆಂಬರಿನಲ್ಲಿ, ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡಲಾರಂಭಿಸಿದಾಗ ದೊಡ್ಡ ವಾದವೆದ್ದಿತು. ಮಠಾಧೀಶರು ಕೆಲವರು ವಿರೋಧಿಸಿದರು. ಮರುವರ್ಷ ಅದು ರಾಜ್ಯದ ಇತರ ಕಡೆಗೂ ವಿಸ್ತರಿಸಿತು. ಮೊಟ್ಟೆ ತಿನ್ನದವರಿಗೆ ಆಗ ಬಾಳೆಹಣ್ಣು ಅಥವಾ ಚಿಕ್ಕಿ ಕೊಡುತ್ತಿದ್ದರು. ಈಗ ಶಿಕ್ಷಕಿಯಾಗಿರುವ ನನ್ನ ವಿದ್ಯಾರ್ಥಿನಿಯೊಬ್ಬಳು ಹೇಳಿದ ಮಾತು: "ಒಂದೇ ಸಾಲಿನಲ್ಲಿ ಕೂತು ಒಬ್ಬ ಮೊಟ್ಟೆ ಸುಲೀತಾನೆ, ಪಕ್ಕದವನು ಬಾಳೆಹಣ್ಣು ಸುಲೀತಾನೆ ಸಾರ್, ಅಷ್ಟೇ." ಇದಕ್ಕಿಂತ ಒಳ್ಳೆಯ ಪರಿಹಾರವನ್ನು ದೊಡ್ಡವರು ಕಂಡುಹಿಡಿದಿಲ್ಲ. ಒಂದೇ ಸಾಲು, ಅವರವರ ತಟ್ಟೆ.

ಬಂಧುಗಳಲ್ಲಿ ಕೆಲವರು ಈ ಬರಹ ಓದಿ ಮುನಿಯುವರೆಂದು ಬಲ್ಲೆ. 'ಅಹಿಂಸೆ ತಪ್ಪೇ? ನಮ್ಮ ಆಹಾರ ನಮ್ಮ ಇಷ್ಟವಲ್ಲವೇ?' ಎನ್ನುವಿರಿ. ತಪ್ಪಲ್ಲ. ನಾನು ಈಗಲೂ ಸಸ್ಯಾಹಾರಿ. ಕೊನೆಯವರೆಗೂ ಹಾಗೆಯೇ ಇರುತ್ತೇನೆ. ಬಾಲ್ಯದಲ್ಲಿ ಪೇಟೆಯ ಮಿಲಿಟರಿ ಹೋಟೆಲಿನ ಮುಂದೆ ಉಸಿರು ಹಿಡಿದು ಓಡುತ್ತಿದ್ದವನ ನಾಲಗೆ ಈ ವಯಸ್ಸಿನಲ್ಲಿ ಬದಲಾಗದು. ಆದರೆ ನನ್ನ ತಟ್ಟೆಯಲ್ಲಿ ಏನಿರಬೇಕು ಎಂಬುದು ಒಂದು ಪ್ರಶ್ನೆ. ನನ್ನ ಪಕ್ಕದಲ್ಲಿ ಯಾರು ಕೂರಬಾರದು ಎಂಬುದು ಬೇರೆಯೇ ಪ್ರಶ್ನೆ. ಮೊದಲನೆಯದನ್ನು ಮುಂದಿಟ್ಟು ಎರಡನೆಯದನ್ನು ನಾವು ಬಹುಕಾಲ ಬಚ್ಚಿಟ್ಟುಕೊಂಡಿದ್ದೇವೆ. ಸೀಗಡಿ ಬೇಡವೆಂಬ ನನ್ನ ಮಡದಿಯ ಹಕ್ಕನ್ನು ಬೀಗಿತಿ ಕಾಯ್ದರು. ಬೀಗಿತಿ ನಮ್ಮ ನಡುಮನೆಯಲ್ಲಿ ಕುಳಿತು ಉಣ್ಣುವ ಹಕ್ಕನ್ನು ನಾವು ಕಾಯ್ದೆವೆ?

ಹಾಗಾದರೆ ಹೋಟೆಲಿನ ಮೇಜೇ ಇದಕ್ಕೆ ಉತ್ತರವೆ? ಅದೂ ಅಲ್ಲ. ಅಲ್ಲಿ ಯಾರೂ ಜಾತಿ ಕೇಳಲಿಲ್ಲ, ನಿಜ. ಹಣ ಕೇಳಿದರು. ಅಂದಿನ ನಮ್ಮ ಬಿಲ್ಲಿನಲ್ಲಿ ಒಂದು ಸಣ್ಣ ಸಂಸಾರ ತಿಂಗಳ ದಿನಸಿ ತರಬಹುದು. ನಮ್ಮ ಮುಂದೆ ಕೆಂಡ ಇಡುತ್ತಿದ್ದ ಹುಡುಗನನ್ನು 'ನಿನ್ನ ಊಟ ಯಾವಾಗ?' ಎಂದು ಕೇಳಿಸಿದೆ. ನಾಲ್ಕು ಗಂಟೆಯ ಮೇಲೆ ಎಂದ. ಜಾತಿ ಎದ್ದುಹೋದ ಕುರ್ಚಿಯಲ್ಲಿ ಹಣ ಬಂದು ಕುಳಿತಿದೆ. ಮತ್ತೆ, 'ಕೊಟ್ಟ ಹಣ ವಸೂಲಾಗಬೇಕು' ಎಂದು ಬಾವುಟ ಇಳಿಸದೆ ತರಿಸಿಕೊಂಡು ಅರ್ಧ ತಿಂದು ಬಿಟ್ಟ ತಟ್ಟೆಗಳನ್ನು ಸುತ್ತಮುತ್ತಲ ಮೇಜುಗಳಲ್ಲಿ ನೋಡಿ ಸಂಕಟವಾಯಿತು. ಎಲೆಯಲ್ಲಿ ಅನ್ನ ಬಿಟ್ಟು ಏಳಬಾರದೆಂಬುದು ಎರಡೂ ಮನೆಗಳ ಹಿರಿಯರು ಕಲಿಸಿದ ಪಾಠ. ನಮ್ಮ ಮೇಜಿನಲ್ಲಿ ಬೀಗರೇ ಮೊದಲು ಬಾವುಟ ಮಲಗಿಸಿದರು. "ಇಷ್ಟೆಲ್ಲ ಮಡಗವ್ರೆ, ಒಂದು ಮುದ್ದೆ ಮಡಗಾಕಾಗ್ಲಿಲ್ವ ಇವ್ರಿಗೆ?" ಎಂದು ನಗಿಸಿದರು.

ಒಟ್ಟಿಗೆ ಉಂಡ ಮಾತ್ರಕ್ಕೆ ಎಲ್ಲವೂ ಸರಿಹೋಗುವುದಿಲ್ಲವೆಂದು ತಿಳಿದವರು ಹೇಳಿದ್ದಾರೆ. 1917ರಲ್ಲಿ ಕೇರಳದ ಚೆರಾಯಿಯಲ್ಲಿ ಸಹೋದರನ್ ಅಯ್ಯಪ್ಪನ್ ಅವರು ಮಿಶ್ರಭೋಜನ ನಡೆಸಿ ತಮ್ಮವರಿಂದಲೇ ಬಹಿಷ್ಕಾರ ಅನುಭವಿಸಿದರು. 1936ರಲ್ಲಿ ಪ್ರಕಟವಾದ 'ಜಾತಿ ವಿನಾಶ' ಪ್ರಬಂಧದಲ್ಲಿ ಡಾ. ಅಂಬೇಡ್ಕರ್ ಅವರು ಸಹಭೋಜನದಿಂದ ಮಾತ್ರ ಜಾತಿಭಾವನೆ ಸಾಯದು, ಅಂತರ್ಜಾತಿ ವಿವಾಹವೇ ನಿಜವಾದ ಮದ್ದು ಎಂದು ವಾದಿಸಿದರು. ನಮ್ಮ ನಾಡಿಗೆ ಇದು ಹೊಸ ಮಾತಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯ ಮತ್ತು ಮಧುವರಸರ ಮನೆಗಳ ನಡುವೆ ನಡೆದ ಮದುವೆ ಎಂಥ ಬಿರುಗಾಳಿ ಎಬ್ಬಿಸಿತೆಂದು ನಿಮಗೆಲ್ಲ ಪಾಠ ಮಾಡಿದ್ದೇನೆ. ನಮ್ಮ ಮನೆಯಲ್ಲಿ ಮಾತ್ರ ಕ್ರಮ ತಿರುಗುಮುರುಗಾಯಿತು. ಮಕ್ಕಳು ಮದುವೆಯನ್ನೇ ಮಾಡಿಕೊಂಡರು. ಹಿರಿಯರಾದ ನಾವು ಊಟದವರೆಗೆ ಬರಲು ಏಳು ವರ್ಷ ತೆಗೆದುಕೊಂಡೆವು. ಕಷ್ಟದ ಲೆಕ್ಕವನ್ನು ಅವರು ಮಾಡಿ ಮುಗಿಸಿದ್ದರು. ಸುಲಭದ ಲೆಕ್ಕವನ್ನು ನಾವು ಉಳಿಸಿಕೊಂಡಿದ್ದೆವು.

ಹೋಟೆಲಿನಿಂದ ಹೊರಬಂದು ಕಾರಿಗೆ ಕಾಯುತ್ತ ನಿಂತಾಗ ಬೀಗಿತಿ ಎಂದಿನಂತೆ, "ಬತ್ತೀವಿ ಅಮ್ಮಾವ್ರೇ" ಎಂದರು. ನನ್ನ ಮಡದಿ ಅವರ ಕೈ ಹಿಡಿದು, "ಅಮ್ಮಾವ್ರು ಎನ್ನಬೇಡಿ, ಬೀಗಿತಿ ಎನ್ನಿ" ಎಂದರು. ಅಷ್ಟೇ. ಹೆಚ್ಚೇನೂ ನಡೆಯಲಿಲ್ಲ. ದಾರಿಯುದ್ದಕ್ಕೂ ಅನಾನಸು ಬಹಳ ಚೆನ್ನಾಗಿತ್ತು ಎಂದು ಮೂರು ಸಲ ಹೇಳಿದರು.

ಮುಂದಿನ ತಿಂಗಳು ಬೀಗರ ಊರಿಗೆ ಹೋಗುವುದೆಂದು ನಿಶ್ಚಯಿಸಿದ್ದೇನೆ. ಬೇರೆ ಒಲೆ ಬೇಡ, ಭಟ್ಟರೂ ಬೇಡ, ನಿಮ್ಮ ಅಡಿಗೆಮನೆಯಲ್ಲಿ ನೀವು ಮಾಡುವ ಸೊಪ್ಪಿನ ಸಾರು, ಮುದ್ದೆ ಸಾಕು ಎಂದು ಫೋನಿನಲ್ಲಿ ಹೇಳಿದ್ದೇನೆ. ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಮಡದಿ ಬರುವುದಾಗಿ ಇನ್ನೂ ಒಪ್ಪಿಲ್ಲ. ಬಲವಂತ ಮಾಡಲಾರೆ. ಅವರು ಈ ಮನೆಗೆ ಸೊಸೆಯಾಗಿ ಬಂದ ದಿನದಿಂದ ಮಡಿಯ ಕಟ್ಟುಪಾಡುಗಳ ದುಡಿಮೆಯನ್ನೆಲ್ಲ ಹೊತ್ತವರು ಅವರೇ ಹೊರತು ನಾನಲ್ಲ. ಒದ್ದೆ ಸೀರೆಯಲ್ಲಿ ಒಲೆಯ ಮುಂದೆ ನಿಂತವರಿಗೆ, ಉಂಡು ಕೈ ತೊಳೆದವನು ಒಂದೇ ದಿನದಲ್ಲಿ 'ಎಲ್ಲ ಬಿಡು' ಎನ್ನುವುದು ನ್ಯಾಯವಲ್ಲ. ಅವರ ಹೊತ್ತನ್ನು ಅವರು ತೆಗೆದುಕೊಳ್ಳಲಿ. ನನ್ನ ಹೊತ್ತು ಮೀರಿಹೋಗಿದೆ. ನಾನು ಹೋಗುತ್ತೇನೆ.

ಕೊನೆಯದಾಗಿ, 1991ರ ಆ ಐವರಲ್ಲಿ ಐದನೆಯವನಿಗೆ ಒಂದು ಮಾತು. ನೀನು ಈ ಪುಟಗಳನ್ನು ಓದುತ್ತೀಯೆಂದು ನಿನ್ನ ಸಹಪಾಠಿಯೊಬ್ಬ ಹೇಳಿದ್ದಾನೆ. ಹೆಸರು ಬರೆಯುವುದಿಲ್ಲ, ನಿನಗೆ ತಿಳಿದೀತು. ನನ್ನ ತಾಯಿ ತೀರಿಕೊಂಡು ಬಹಳ ವರ್ಷಗಳಾದವು. ತಪ್ಪನ್ನು ಅವರ ಮೇಲೆ ಹೊರಿಸಲಾರೆ. ಅಂದು ಮೇಷ್ಟ್ರಾಗಿದ್ದವನು ನಾನು. ಕ್ಷಮಿಸೆಂದು ಬರೆಯುವುದು ಸುಲಭ. ಅದನ್ನು ಎದುರಿಗೆ ನಿಂತು ಹೇಳಬೇಕಾಗಿದೆ. ಸಂಸಾರ ಸಮೇತ ಒಂದು ಭಾನುವಾರ ಮನೆಗೆ ಊಟಕ್ಕೆ ಬಾ. ಎಲೆಗಳನ್ನು ನಡುಮನೆಯಲ್ಲಿ ಹಾಕಿರುತ್ತೇನೆ. ಉಂಡಾದ ಮೇಲೆ ನಿನ್ನ ಎಲೆಯನ್ನು ನಾನು ಎತ್ತುತ್ತೇನೆ. ಬರಲು ಮನಸ್ಸಿಲ್ಲದಿದ್ದರೆ ಅದೂ ನನಗೆ ಅರ್ಥವಾಗುತ್ತದೆ.